ರಾಣಿಖೇತಿನ ಮಾರಿ, ಮುಕ್ತೇಶ್ವರದ ಮದ್ದು

ಮೊದಲ ಮಹಾಯುದ್ಧ ಮುಗಿದು ಎಂಟು ವರ್ಷ ಕಳೆದಿದ್ದ ಕಾಲ. 1926ರಲ್ಲಿ, ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾ ದ್ವೀಪದಲ್ಲಿ ಕೋಳಿಗಳು ಹಿಂದೆ ಯಾರೂ ಕಂಡು ಬರೆದಿರದ ಬೇನೆಯೊಂದರಿಂದ ಸಾಯತೊಡಗಿದವು. ಡಚ್ ಪಶುವೈದ್ಯ ಕ್ರಾನೆವೆಲ್ಡ್ ಅದನ್ನು ಮೊದಲು ದಾಖಲಿಸಿದರು. ಅದೇ ವರ್ಷದ ವಸಂತದಲ್ಲಿ, ಜಾವಾದಿಂದ ಸಾವಿರಾರು ಮೈಲಿ ದೂರದ ಇಂಗ್ಲೆಂಡಿನಲ್ಲಿ, ಟೈನ್ ನದಿಯ ಮೇಲಿನ ಬಂದರು ಪಟ್ಟಣ ನ್ಯೂಕ್ಯಾಸಲ್ ಬಳಿ ಕೋಳಿಗಳು ಹಿಂಡುಹಿಂಡಾಗಿ ನೆಲಕ್ಕೊರಗಿದವು. ಕೊರಿಯಾದಲ್ಲೂ ಅದೇ ಕಾಲಕ್ಕೆ ಅದೇ ಸಾವು. ಮರುವರ್ಷ, 1927ರಲ್ಲಿ, ಹಿಮಾಲಯದ ಕುಮಾವೂಂ ಬೆಟ್ಟಗಳ ನಡುವಿನ ದಂಡಿನ ಊರು ರಾಣಿಖೇತಿನಲ್ಲಿ ರೋಗ ಕಾಣಿಸಿಕೊಂಡಿತು. ಭಾರತದ ಮಟ್ಟಿಗೆ ಅದರ ಚರಿತ್ರೆ ಅಲ್ಲಿಂದ ಶುರು. ಕನ್ನಡ ನಾಡಿನ ಕೋಳಿ ಸಾಕುವವರು ಕೊಕ್ಕರೆ ರೋಗ ಎಂದು ಕರೆಯುವುದು ಇದನ್ನೇ.

ರೋಗ ತಗುಲಿದ ಕೋಳಿ ಮೊದಲು ಮೇವು ಬಿಡುತ್ತದೆ. ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ಮೂಲೆ ಹಿಡಿದು ತೂಕಡಿಸುತ್ತದೆ. ಕತ್ತು ಚಾಚಿ ಕೊಕ್ಕು ತೆರೆದು ಉಸಿರೆಳೆಯುತ್ತದೆ. ಗಂಟಲಲ್ಲಿ ಗೊರಗೊರ ಸದ್ದು. ಹಿಕ್ಕೆ ಹಸಿರುಬಿಳುಪಾಗಿ ನೀರಾಗುತ್ತದೆ. ಮೂರು ನಾಲ್ಕು ದಿನ ತಾಳಿಕೊಂಡ ಹಕ್ಕಿಗೆ ಕಾಲು ಸೋಲುತ್ತದೆ, ಕತ್ತು ಬೆನ್ನಿನ ಕಡೆಗೆ ತಿರುಚಿಕೊಳ್ಳುತ್ತದೆ, ಇದ್ದಲ್ಲೇ ಗರಗರ ಸುತ್ತುತ್ತದೆ. ಹೊಟ್ಟೆ ಸೀಳಿ ನೋಡಿದ ವೈದ್ಯರಿಗೆ ಜಠರದ ಒಳಮೈಯಲ್ಲಿ, ಗ್ರಂಥಿಗಳ ತುದಿಯಲ್ಲಿ, ರಕ್ತದ ಚುಕ್ಕೆಗಳು ಕಂಡವು. ರೋಗದ ಉಗ್ರ ರೂಪ ಹೊಕ್ಕ ಗೂಡಿನಲ್ಲಿ ಹೆಚ್ಚುಕಡಿಮೆ ಎಲ್ಲ ಕೋಳಿಯೂ ಸಾಯುತ್ತಿತ್ತು. ಸಂಜೆ ಗೂಡಿಗೆ ಸೇರಿಸಿದ ಹೇಂಟೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಯಾವ ಲಕ್ಷಣವನ್ನೂ ತೋರದೆ ಸತ್ತಿರುವುದೂ ಉಂಟು.

ಇಂಗ್ಲೆಂಡಿನಲ್ಲಿ ಈ ರೋಗದ ಬೆನ್ನು ಹತ್ತಿದವರು ವೇಬ್ರಿಜ್ ಪಶುವೈದ್ಯ ಪ್ರಯೋಗಾಲಯದ ಡಾಯ್ಲ್. ಕೋಳಿಗಳನ್ನು ಸಾಮೂಹಿಕವಾಗಿ ಕೊಲ್ಲುವ ಇನ್ನೊಂದು ರೋಗ ಆಗಲೇ ಯುರೋಪಿಗೆ ಗೊತ್ತಿತ್ತು. ಇಟಲಿಯ ಪೆರೊಂಚಿಟೊ 1878ರಲ್ಲಿ ವರ್ಣಿಸಿದ್ದ ಆ 'ಕೋಳಿ ಪ್ಲೇಗು' ಬ್ಯಾಕ್ಟೀರಿಯಾಗಳನ್ನು ತಡೆಯುವ ಸೂಕ್ಷ್ಮ ಸೋಸುಕದಲ್ಲೂ ನುಸುಳುವ ವಿಷದಿಂದ ಬರುತ್ತದೆಂದು 1901ರಲ್ಲಿ ಇಟಲಿಯಲ್ಲೇ ತಿಳಿದುಬಂದಿತ್ತು. ಹೊಸ ಸಾವು ಆ ಹಳೆಯ ಪ್ಲೇಗೇ ಇರಬೇಕು ಎಂದು ಭಾವಿಸುವುದು ಯಾರಿಗಾದರೂ ಸಹಜ. ಡಾಯ್ಲ್ ಹಾಗೆ ಭಾವಿಸದೆ ಪರೀಕ್ಷೆಗೆ ಇಳಿದರು. ಒಂದು ರೋಗದಿಂದ ಬದುಕುಳಿದು ಗಟ್ಟಿಯಾದ ಕೋಳಿಗೆ ಇನ್ನೊಂದರ ಸೋಂಕು ತಗುಲಿಸಿದರು. ಹೊಸ ರೋಗ ಗೆದ್ದ ಕೋಳಿ ಹಳೆಯ ಪ್ಲೇಗಿಗೆ ಬಲಿಯಾಯಿತು. ಪ್ಲೇಗು ಗೆದ್ದದ್ದು ಹೊಸ ರೋಗಕ್ಕೆ ಸೋತಿತು. ಎರಡೂ ಬೇರೆ ಎಂಬುದು ಅದರಿಂದ ಖಚಿತವಾಯಿತು. ಹಳೆಯದು ಇನ್‌ಫ್ಲುಯೆಂಜಾ ಕುಲದ ವೈರಸ್ ಎಂದು, ಇಂದಿನ ಹಕ್ಕಿಜ್ವರದ ಪೂರ್ವಿಕ ಎಂದು, ಜಗತ್ತಿಗೆ ತಿಳಿದದ್ದು 1955ರಷ್ಟು ತಡವಾಗಿ. 1927ರಲ್ಲಿ ಪ್ರಕಟಿಸಿದ ವರದಿಯಲ್ಲಿ ಡಾಯ್ಲ್ ಹೊಸ ರೋಗವನ್ನು ತಾತ್ಕಾಲಿಕವಾಗಿ ಆ ಬಂದರಿನ ಹೆಸರಿನಿಂದ ನ್ಯೂಕ್ಯಾಸಲ್ ರೋಗ ಎಂದು ಕರೆದರು. ಲೋಕ ಆ ಹೆಸರನ್ನು ಬಿಡಲಿಲ್ಲ.

ಅಷ್ಟು ದೂರದ ಊರುಗಳಲ್ಲಿ ಒಂದೇ ಸಮಯಕ್ಕೆ ರೋಗ ಮೇಲೆದ್ದದ್ದು ಹೇಗೆ ಎಂಬ ಚರ್ಚೆ ಬಹುಕಾಲ ನಡೆಯಿತು. ಪೂರ್ವದೇಶಗಳ ಬಂದರುಗಳಿಂದ ಹೊರಟ ಹಡಗುಗಳ ಜೊತೆ ಅದು ಇಂಗ್ಲೆಂಡನ್ನು ಮುಟ್ಟಿತೆಂಬ ಊಹೆ ಪ್ರಬಲವಾಗಿತ್ತು. ಅದು 1926ರ ಕೂಸೇ ಅಲ್ಲ, 1896ರಷ್ಟು ಹಿಂದೆಯೇ ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ಕೋಳಿಗಳನ್ನು ನಾಶಮಾಡಿದ ಸಾವು ಇದೇ ಇರಬಹುದು ಎಂದವರೂ ಇದ್ದಾರೆ. ನನಗಂತೂ ಈ ಎರಡನೆಯ ಮಾತಿನಲ್ಲಿ ಹುರುಳಿದೆ ಎನಿಸುತ್ತದೆ. ಬಡವರ ಹಿತ್ತಲಿನ ಕೋಳಿ ಸತ್ತಾಗ ಅದನ್ನು ಬರೆದಿಡುವ ಕೈಗಳು ಯಾವ ನಾಡಿನಲ್ಲೂ ಕಡಿಮೆ. ಬಂದರಿನಲ್ಲೂ ದಂಡಿನ ಊರಿನಲ್ಲೂ ಸತ್ತಾಗ ಮಾತ್ರ ಸಾವು ವರದಿಗೆ ಏರುತ್ತದೆ.

ರಾಣಿಖೇತಿನ ಸಾವು ವರದಿಗೆ ಏರಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು: ಅದೇ ಕುಮಾವೂಂ ಸೀಮೆಯ ಮುಕ್ತೇಶ್ವರದಲ್ಲಿ ಸುಮಾರು ಏಳೂವರೆ ಸಾವಿರ ಅಡಿ ಎತ್ತರದ ಶಿಖರದ ಮೇಲೆ ಭಾರತದ ಪಶುರೋಗ ವಿಜ್ಞಾನದ ಪೀಠವಿತ್ತು. 1889ರಲ್ಲಿ ಪುಣೆಯಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ ಎಂಬ ಹೆಸರಿನಲ್ಲಿ ಹುಟ್ಟಿದ ಆ ಸಂಸ್ಥೆಯನ್ನು 1893ರಲ್ಲಿ ಮುಕ್ತೇಶ್ವರಕ್ಕೆ ಸಾಗಿಸಿದ್ದರು. ಸೋಂಕು ಹೊತ್ತ ಪ್ರಾಣಿಗಳನ್ನು ಇಟ್ಟುಕೊಂಡು ಕೆಲಸ ಮಾಡುವುದಕ್ಕೆ ಜನವಸತಿಯಿಂದ ದೂರದ ಜಾಗ ಬೇಕಿತ್ತು; ತಂಪು ಹವೆಯೂ ಬೇಕಿತ್ತು. ಆಲ್ಫ್ರೆಡ್ ಲಿಂಗಾರ್ಡ್ ಅದರ ಮೊದಲ ಮುಖ್ಯಸ್ಥರು. ಕ್ಷಯದ ರೋಗಾಣುವನ್ನು ಕಂಡುಹಿಡಿದ ರಾಬರ್ಟ್ ಕಾಕ್ 1897ರಲ್ಲಿ ಅಲ್ಲಿಗೆ ಬಂದುಹೋಗಿದ್ದರು. ಆ ಬೆಟ್ಟದ ಮೇಲಿನ ದುಡಿಮೆಯೆಲ್ಲ ಮುಖ್ಯವಾಗಿ ಒಂದೇ ಶತ್ರುವಿನ ವಿರುದ್ಧ, ದನಗಳ ದೊಡ್ಡರೋಗದ ವಿರುದ್ಧ. ನೇಗಿಲು ಎಳೆಯುವ ಎತ್ತು ಸತ್ತರೆ ಕಂದಾಯ ನಿಲ್ಲುತ್ತದೆ. ಸರ್ಕಾರದ ಗಮನ ದನದ ಮೇಲಿದ್ದದ್ದು ಅರ್ಥವಾಗುವ ಮಾತು. ಕೋಳಿಗೆಂದೇ ಒಂದು ಸಂಶೋಧನಾ ವಿಭಾಗ, ಬರೇಲಿಯ ಬಳಿ ಇಜ್ಜತ್‌ನಗರದ ಶಾಖೆಯಲ್ಲಿ, ತೆರೆದದ್ದು 1939ರಲ್ಲಿ. ಸಂಸ್ಥೆ ಹುಟ್ಟಿ ಐವತ್ತು ವರ್ಷವಾದ ಮೇಲೆ. ಕೋಳಿ ಹೆಂಗಸರ ಸ್ವತ್ತು. ಮಗುವಿನ ಪಾಟಿಗೆ, ಜಾತ್ರೆಯ ಬಳೆಗೆ, ಅಳಿಯ ಬಂದ ದಿನದ ಸಾರಿಗೆ ಆಸರೆಯಾಗಿದ್ದ ಸ್ವತ್ತು. ಅದಕ್ಕೆ ಕಂದಾಯವಿರಲಿಲ್ಲ.

1920ರ ದಶಕದಲ್ಲಿ ಮುಕ್ತೇಶ್ವರದ ನಿರ್ದೇಶಕರಾಗಿದ್ದವರು ಜೆ. ಟಿ. ಎಡ್ವರ್ಡ್ಸ್. ದೊಡ್ಡರೋಗದ ವೈರಸ್ಸನ್ನು ಆಡಿನಿಂದ ಆಡಿಗೆ ದಾಟಿಸುತ್ತ ಹೋದರೆ ಅದು ದನವನ್ನು ಕೊಲ್ಲುವ ಕಸುವನ್ನು ಕಳೆದುಕೊಳ್ಳುತ್ತದೆ, ದನಕ್ಕೆ ರಕ್ಷಣೆ ಕೊಡುವ ಗುಣವನ್ನು ಮಾತ್ರ ಉಳಿಸಿಕೊಳ್ಳುತ್ತದೆ ಎಂಬುದನ್ನು ಅವರು ಅಲ್ಲಿ ಕಂಡುಕೊಂಡರು. ಆ ಆಡಿನ ಲಸಿಕೆ ಮುಂದೆ ದಶಕಗಳ ಕಾಲ ಈ ದೇಶದ ದನಗಳನ್ನು ಕಾಯಿತು. ಅದೇ ಎಡ್ವರ್ಡ್ಸ್ ರಾಣಿಖೇತಿನ ಕೋಳಿರೋಗವನ್ನೂ ಪರೀಕ್ಷಿಸಿ 1928ರ ವರದಿಯಲ್ಲಿ ಹೊಸ ರೋಗವೆಂದು ನಮೂದಿಸಿದರು. ಕೂಪರ್ ಎಂಬ ಅಧಿಕಾರಿ 1931ರಲ್ಲಿ ಅದನ್ನು ವಿಸ್ತಾರವಾಗಿ ವರ್ಣಿಸಿ ರಾಣಿಖೇತ್ ರೋಗ ಎಂದೇ ಕರೆದರು. ದಕ್ಷಿಣದಲ್ಲಿ ಮದರಾಸಿನ ವೈದ್ಯರು ಅದೇ ವೇಳೆಗೆ ತಮ್ಮ ಪ್ರಾಂತ್ಯದ ಕೋಳಿಮಾರಿಯನ್ನು ಪ್ರತ್ಯೇಕವಾಗಿ ಅಧ್ಯಯನ ಮಾಡುತ್ತಿದ್ದರು. ಊರಿಗೊಂದು ಹೆಸರು ಹೊತ್ತಿದ್ದ ಈ ರೋಗಗಳೆಲ್ಲ ಒಂದೇ ಎಂಬುದು ತಿಳಿಯುವುದಕ್ಕೆ ಡಾಯ್ಲ್ ಮಾಡಿದಂಥ ಅಡ್ಡಪರೀಕ್ಷೆಗಳು ಮತ್ತೆ ಮತ್ತೆ ನಡೆಯಬೇಕಾಯಿತು.

ಹಳ್ಳಿಗಳಲ್ಲಿ ಆಗ ನಡೆಯುತ್ತಿದ್ದುದನ್ನೂ ಹೇಳಬೇಕು. ನೆರೆಮನೆಯ ಗೂಡಿನಲ್ಲಿ ಕೋಳಿ ತೂಕಡಿಸತೊಡಗಿದೆ ಎಂದು ಗೊತ್ತಾದೊಡನೆ ಜನ ತಮ್ಮ ಕೋಳಿಗಳ ಕಾಲು ಕಟ್ಟಿ, ಮಂಕರಿಯಲ್ಲಿಟ್ಟು, ಸಂತೆಗೆ ಹೊತ್ತೊಯ್ದರು. ಸಾಯುವ ಮುನ್ನ ನಾಲ್ಕು ಕಾಸಾದರೂ ಸಿಗಲಿ ಎಂಬುದು ಬಡತನದ ಲೆಕ್ಕ; ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸು ಬಾರದು. ಆದರೆ ಸೋಂಕಿಗೆ ಅದಕ್ಕಿಂತ ಒಳ್ಳೆಯ ಗಾಡಿ ಬೇಕಿರಲಿಲ್ಲ. ಮೇಲ್ನೋಟಕ್ಕೆ ಗೆಲುವಾಗಿರುವ ಹಕ್ಕಿ ಹಿಕ್ಕೆಯಲ್ಲೂ ಉಸಿರಿನಲ್ಲೂ ವೈರಸ್ಸನ್ನು ಹೊರಹಾಕುತ್ತಿರುತ್ತದೆ. ಸಂತೆಯಿಂದ ಸಂತೆಗೆ, ಅಲ್ಲಿಂದ ಬೀಗರ ಮನೆಗೆ, ಕೊಯ್ದು ಎಸೆದ ಪುಕ್ಕ ಕರುಳಿನಿಂದ ತಿಪ್ಪೆಗೆ ಅದು ಹರಡಿತು. ಬೂದಿ, ಬೆಳ್ಳುಳ್ಳಿ, ಅರಿಸಿನ, ಹರಕೆ ಯಾವುದಕ್ಕೂ ಅದು ಜಗ್ಗಲಿಲ್ಲ. ಅಂದಿನ ವೈದ್ಯರ ಕೈಯಲ್ಲೂ ಬೇರೆ ಔಷಧವಿರಲಿಲ್ಲ. ಬಂದ ರೋಗವನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಬರದಂತೆ ತಡೆಯುವುದೊಂದೇ ದಾರಿ.

ಆ ದಾರಿಯ ಮೊದಲ ಹೆಜ್ಜೆಯನ್ನು ಐವತ್ತು ವರ್ಷ ಹಿಂದೆ ಇಟ್ಟದ್ದೂ ಕೋಳಿಯ ನಿಮಿತ್ತವೇ. ಫ್ರಾನ್ಸಿನ ಲೂಯಿ ಪಾಶ್ಚರ್ 1879ರಲ್ಲಿ ಕೋಳಿ ಕಾಲರಾದ ಬ್ಯಾಕ್ಟೀರಿಯಾವನ್ನು ಸಾರಿನಲ್ಲಿ ಬೆಳೆಸುತ್ತಿದ್ದಾಗ, ಬಹುಕಾಲ ಇಟ್ಟು ಹಳತಾದ ಸಾರು ಕೋಳಿಯನ್ನು ಕೊಲ್ಲುವುದಿಲ್ಲ, ಆಮೇಲೆ ಬಂದ ಹೊಸ ಸೋಂಕಿನಿಂದ ಕಾಯುತ್ತದೆ ಎಂಬುದು ಗೊತ್ತಾಯಿತು. ಪ್ರಯೋಗಶಾಲೆಯಲ್ಲಿ ಪಳಗಿಸಿದ ಮೊದಲ ಲಸಿಕೆ ಹುಟ್ಟಿದ್ದು ಹಾಗೆ. ಆದರೆ ಬ್ಯಾಕ್ಟೀರಿಯಾ ಸಾರಿನಲ್ಲಿ ಬೆಳೆಯುತ್ತದೆ. ವೈರಸ್ ಬೆಳೆಯುವುದು ಜೀವಂತ ಕೋಶದೊಳಗೆ ಮಾತ್ರ. ರಾಣಿಖೇತ್ ರೋಗದ ವೈರಸ್ ಬೇಕೆಂದರೆ ಜೀವಂತ ಕೋಳಿಗೆ ಸೋಂಕು ಹತ್ತಿಸಿ, ಅದು ಸತ್ತ ಮೇಲೆ ಗುಲ್ಮವನ್ನೂ ಮಿದುಳನ್ನೂ ಅರೆದು ತೆಗೆಯಬೇಕಿತ್ತು. ಹಾಗೆ ತೆಗೆದುದನ್ನು ರಾಸಾಯನಿಕದಿಂದ ಕೊಂದು ಲಸಿಕೆ ಮಾಡುವ ಪ್ರಯತ್ನಗಳು 1930ರ ದಶಕದಲ್ಲಿ ನಡೆದವು. ಅವು ಕೊಟ್ಟ ರಕ್ಷಣೆ ಅರೆಬರೆ, ಅದೂ ಬೇಗ ಇಳಿದುಹೋಗುವಂಥದು.

ತಿರುವು ಬಂದದ್ದು ಅಮೆರಿಕದ ನ್ಯಾಶ್‌ವಿಲ್ ಪಟ್ಟಣದಲ್ಲಿ, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಅರ್ನೆಸ್ಟ್ ಗುಡ್‌ಪಾಶ್ಚರ್ ಎಂಬ ರೋಗಶಾಸ್ತ್ರಜ್ಞರು ಕೋಳಿ ಸಿಡುಬಿನ ವೈರಸ್ ಬಗ್ಗೆ ಕೆಲಸ ಮಾಡುತ್ತಿದ್ದರು. ಅವರ ಜೊತೆಗಿದ್ದವರು ಆಲಿಸ್ ವುಡ್ರಫ್ ಮತ್ತು ಅವರ ಪತಿ ಯೂಜೀನ್. ಕಾವಿಗಿಟ್ಟ ಮೊಟ್ಟೆಯೊಳಗೆ ಬೆಳೆಯುವ ಮರಿಯನ್ನೇ ವೈರಸ್ಸಿನ ಹೊಲವನ್ನಾಗಿ ಮಾಡಬಹುದೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಆಲಿಸ್ ಅವರ ಕೈಚಳಕ. ಮೊಟ್ಟೆಯ ಚಿಪ್ಪಿನಲ್ಲಿ ಪುಟ್ಟ ಕಿಟಕಿ ಕೊರೆದು, ಒಳಪೊರೆಯ ಮೇಲೆ ಸಿಡುಬಿನ ಸೋಂಕು ಇಟ್ಟು, ಕಿಟಕಿಗೆ ತೆಳುಗಾಜು ಮುಚ್ಚಿ, ಅಂಚಿಗೆ ವ್ಯಾಸಲಿನ್ ಬಳಿದು ಮತ್ತೆ ಕಾವಿಗಿಟ್ಟರು. ಬೇರೆ ಯಾವ ರೋಗಾಣುವಿನ ಬೆರಕೆಯೂ ಇಲ್ಲದ ಶುದ್ಧ ವೈರಸ್ ಆ ಪೊರೆಯ ಮೇಲೆ ಬೆಳೆಯಿತು. 1931ರಲ್ಲಿ ಅವರು ಪ್ರಕಟಿಸಿದ ಲೇಖನ ವೈರಸ್ ವಿಜ್ಞಾನದ ಮಹಾದ್ವಾರಗಳಲ್ಲೊಂದು. ಮನುಷ್ಯರ ಹಳದಿಜ್ವರದ ಲಸಿಕೆ, ಇನ್‌ಫ್ಲುಯೆಂಜಾದ ಲಸಿಕೆ ಮೊಟ್ಟೆಯಲ್ಲಿ ತಯಾರಾಗುವಂತಾದದ್ದು ಈ ದ್ವಾರ ತೆರೆದ ಮೇಲೆ. ಆದರೂ ಆಲಿಸ್ ವುಡ್ರಫ್ ಅವರ ಹೆಸರು ಗುಡ್‌ಪಾಶ್ಚರ್ ಅವರ ಹೆಸರಿನಷ್ಟು ಕೇಳಿಬರುವುದಿಲ್ಲ. ಇಂಥ ಕಥನಗಳಲ್ಲಿ ಅದನ್ನು ಗಟ್ಟಿಯಾಗಿ ಹೇಳಬೇಕು.

1933ರಲ್ಲಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನಲ್ಲಿ ನ್ಯೂಕ್ಯಾಸಲ್ ರೋಗ ಮತ್ತೆ ತಲೆಯೆತ್ತಿದಾಗ ಅಲ್ಲಿಂದ ಒಂದು ಘೋರ ತಳಿ ಸಿಕ್ಕಿತು. ವೇಬ್ರಿಜ್‌ನಲ್ಲಿ ಡಾಬ್ಸನ್ ಮತ್ತು ಭಾರತದಿಂದ ಹೋಗಿದ್ದ ಪಶುವೈದ್ಯ ಎಸ್. ಜಿ. ಅಯ್ಯರ್ ಇಬ್ಬರೂ ಸೇರಿ ಆ ತಳಿಯನ್ನು ಮೊಟ್ಟೆಯಿಂದ ಮೊಟ್ಟೆಗೆ ದಾಟಿಸತೊಡಗಿದರು. ಸತ್ತ ಭ್ರೂಣದ ರಸ ತೆಗೆದು ಹೊಸ ಮೊಟ್ಟೆಗೆ, ಅದರಿಂದ ಇನ್ನೊಂದಕ್ಕೆ. ದಾಟಿಸುತ್ತ ಹೋದಂತೆ ವೈರಸ್ ಮೊಟ್ಟೆಯ ಬಾಳಿಗೆ ಒಗ್ಗಿಕೊಂಡಿತು. ಬೆಳೆದ ಕೋಳಿಯನ್ನು ಕೊಲ್ಲುವ ಕಸುವು ಕುಂದಿತು. ಆ ಪಳಗಿದ ವೈರಸ್ಸನ್ನು ಚುಚ್ಚಿಸಿಕೊಂಡ ಕೋಳಿಗಳು ಘೋರ ತಳಿಯ ಸೋಂಕನ್ನೂ ಎದುರಿಸಿ ನಿಂತವು. ಇಂಗ್ಲೆಂಡಿನ ಮೇಲೆ ಬಾಂಬು ಬೀಳುತ್ತಿದ್ದ 1940ರಲ್ಲಿ ಅಯ್ಯರ್ ಮತ್ತು ಡಾಬ್ಸನ್ ಅವರ ಲೇಖನ ವೆಟರಿನರಿ ರೆಕಾರ್ಡ್ ಪತ್ರಿಕೆಯಲ್ಲಿ ಹೊರಬಂತು. ನ್ಯೂಕ್ಯಾಸಲ್ ರೋಗಕ್ಕೆ ನಂಬಬಹುದಾದ ಜೀವಂತ ಲಸಿಕೆ ಸಾಧ್ಯ ಎಂದು ಲೋಕಕ್ಕೆ ತೋರಿಸಿದ ಆ ಲೇಖನದ ಮೊದಲ ಹೆಸರು ಒಬ್ಬ ಭಾರತೀಯನದು. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಹೆಸರು ಇರಬೇಕಿತ್ತು.

ಅದೇ ವಿದ್ಯೆ ಮುಕ್ತೇಶ್ವರಕ್ಕೂ ಬಂತು. ಯುದ್ಧದ ವರ್ಷಗಳಲ್ಲಿ ಅಲ್ಲಿನ ವಿಜ್ಞಾನಿಗಳಾದ ಹ್ಯಾಡೊ ಮತ್ತು ಇದ್ನಾನಿ ಭಾರತದ ರಾಣಿಖೇತ್ ವೈರಸ್ಸನ್ನು ಮೊಟ್ಟೆಯಲ್ಲಿ ಪಳಗಿಸಿದರು. 1946ರಲ್ಲಿ ಅವರ ಲಸಿಕೆಯ ವಿವರ ಪ್ರಕಟವಾಯಿತು. ಆ ತಳಿಗೆ ಮುಕ್ತೇಶ್ವರ ತಳಿ ಎಂದು ಹೆಸರು. ಪಶುವೈದ್ಯರ ಬಾಯಲ್ಲಿ ಇಂದಿಗೂ ಅದು 'ಆರ್‌ಟುಬಿ'.

ಅದನ್ನು ತಯಾರಿಸುವ ಬಗೆಯನ್ನು ವಿವರವಾಗಿ ಹೇಳಬೇಕು. ಕಾವಿನಲ್ಲಿ ಒಂಬತ್ತು ಹತ್ತು ದಿನ ಕಳೆದ ಮೊಟ್ಟೆಗಳನ್ನು ಕತ್ತಲ ಕೋಣೆಯಲ್ಲಿ ದೀಪಕ್ಕೆ ಹಿಡಿದು ನೋಡುತ್ತಾರೆ. ಕವಲೊಡೆದ ರಕ್ತನಾಳಗಳು, ನಡುವೆ ಮಿಸುಕುವ ಭ್ರೂಣ ಕಂಡರೆ ಮೊಟ್ಟೆ ಸಜೀವ. ಗಾಳಿಕೋಶದ ಅಂಚನ್ನು ಪೆನ್ಸಿಲ್‌ನಿಂದ ಗುರುತಿಸಿ, ಚಿಪ್ಪನ್ನು ಅಯೊಡಿನ್‌ನಿಂದ ಒರೆಸಿ, ಸೂಜಿ ಹೋಗುವಷ್ಟು ತೂತು ಮಾಡಿ, ಭ್ರೂಣವನ್ನು ಸುತ್ತಿದ ದ್ರವದೊಳಕ್ಕೆ ಬೀಜವೈರಸ್ ಬಿಡುತ್ತಾರೆ. ತೂತಿಗೆ ಮೇಣ ಮುಚ್ಚಿ ಮತ್ತೆ ಕಾವಿಗೆ. ಮೊದಲ ದಿನವೇ ಭ್ರೂಣ ಸತ್ತರೆ ಅದು ಸೂಜಿಯ ಪೆಟ್ಟಿನ ಸಾವು, ಆ ಮೊಟ್ಟೆ ಹೊರಕ್ಕೆ. ಆಮೇಲೆ ಸತ್ತವು ವೈರಸ್ ತುಂಬಿಕೊಂಡವು. ಅವನ್ನು ತಂಪಿನಲ್ಲಿಟ್ಟು, ರಕ್ತ ಬೆರೆಯದಂತೆ ಚಿಪ್ಪು ಬಿಡಿಸಿ, ದ್ರವ ಹೀರಿ ತೆಗೆಯುತ್ತಾರೆ. ಅದನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸಿ, ಗಾಜಿನ ಪುಟ್ಟ ಶೀಸೆಗಳಲ್ಲಿ ಮುಚ್ಚಿದರೆ ಲಸಿಕೆ ಸಿದ್ಧ. ಮೊಟ್ಟೆ ಎಂಥ ಕೋಳಿಯದು ಎಂಬುದೂ ದೊಡ್ಡ ಪ್ರಶ್ನೆ. ಲಸಿಕೆ ಪಡೆದ ಹೇಂಟೆ ತನ್ನ ರಕ್ತದ ರಕ್ಷಣೆಯನ್ನು ಮೊಟ್ಟೆಯ ಹಳದಿಗೂ ಇಳಿಸಿರುತ್ತದೆ. ಅಂಥ ಮೊಟ್ಟೆ ಲಸಿಕೆ ಬೆಳೆಸುವವರಿಗೆ ಬೇಡ. ಅದೇ ಹಳದಿಯ ರಕ್ಷಣೆ ಹುಟ್ಟಿದ ಮರಿಯನ್ನು ಮೊದಲ ಕೆಲವು ದಿನ ಕಾಯುತ್ತದೆ. ಜೊತೆಗೆ ಆ ದಿನಗಳಲ್ಲಿ ಹಾಕಿದ ಲಸಿಕೆಯ ಬಲವನ್ನೂ ಅಷ್ಟಿಷ್ಟು ತಗ್ಗಿಸುತ್ತದೆ. ಮರಿಗೆ ಯಾವ ದಿನ ಲಸಿಕೆ ಹಾಕಬೇಕೆಂಬ ವೈದ್ಯರ ತರ್ಕವೆಲ್ಲ ಈ ಇಕ್ಕಟ್ಟಿನ ಸುತ್ತ ನಡೆಯುತ್ತದೆ.

ಮುಕ್ತೇಶ್ವರ ತಳಿ ಪೂರ್ತಿ ಸಾಧುವಲ್ಲ. ಪಳಗಿದ ಸಲಗದಂತೆ ಅದಕ್ಕೆ ಹಳೆಯ ಕಾಡಿನ ನೆನಪು ಉಳಿದಿತ್ತು: ಆರು ವಾರ ತುಂಬದ ಮರಿಗೆ ಚುಚ್ಚಿದರೆ ಕೆಲವಕ್ಕೆ ಕಾಲು ಬೀಳುತ್ತಿತ್ತು, ಕೆಲವು ಸಾಯುತ್ತಿದ್ದವು. ಬೆಳೆದ ಕೋಳಿಗೆ ಅದು ಗಟ್ಟಿಯಾದ, ದೀರ್ಘವಾದ ರಕ್ಷಣೆ ಕೊಟ್ಟಿತು. ಆದರೆ ಆ ಆರು ವಾರ ಮರಿಗಳು ಬಯಲಲ್ಲಿ ನಿಂತಂತೆ.

ಆ ಕೊರತೆಯನ್ನು ನೀಗಿದ ತಳಿಗಳು ಸಿಕ್ಕಿದ್ದು ಪಳಗಿಸಿದ್ದರಿಂದ ಅಲ್ಲ. ಸಾಯಬೇಕಾದ ಕೋಳಿ ಏಕೆ ಸಾಯಲಿಲ್ಲ ಎಂದು ಗಮನಿಸಿದವರ ಕಣ್ಣಿಗೆ ಅವು ಬಿದ್ದವು. ಅಮೆರಿಕದಲ್ಲಿ ಈ ರೋಗ 1930ರ ದಶಕದಲ್ಲೇ ಕ್ಯಾಲಿಫೋರ್ನಿಯಾದ ಕೋಳಿಗಳಲ್ಲಿ ಉಬ್ಬಸ ಮತ್ತು ನರದೌರ್ಬಲ್ಯದ ರೂಪದಲ್ಲಿ ಓಡಾಡಿಕೊಂಡಿತ್ತು. ಸಾವು ಕಡಿಮೆ ಇದ್ದದ್ದರಿಂದ ಅದನ್ನು ಬೇರೆ ರೋಗವೆಂದೇ ಎಣಿಸಿದ್ದರು. ಅದು ನ್ಯೂಕ್ಯಾಸಲ್ ರೋಗವೇ ಎಂದು ಬೀಚ್ ಎಂಬ ವಿಜ್ಞಾನಿ 1944ರಲ್ಲಿ ಸಾಬೀತು ಮಾಡಿದರು. ನ್ಯೂಜೆರ್ಸಿಯ ಬೋಡೆಟ್ ಆಮೇಲೆ ಹೊಲಹೊಲದ ಕೋಳಿಗಳಿಂದ ತಳಿಗಳನ್ನು ಸಂಗ್ರಹಿಸಿ ಒರೆಗೆ ಹಚ್ಚಿದರು. 1946ರಲ್ಲಿ ಅಲ್ಲಿನ ಒಂದು ಸಾಕಣೆಯಿಂದ ಸಿಕ್ಕ ತಳಿಯೇ ಮುಂದೆ ಜಗತ್ತಿನಾದ್ಯಂತ ಹರಡಿದ ಲಸೋಟ ಲಸಿಕೆಯಾಯಿತು. ವರ್ಜೀನಿಯಾದ ಬ್ಲ್ಯಾಕ್ಸ್‌ಬರ್ಗಿನಲ್ಲಿದ್ದ ಹಿಚ್ನರ್ ಅವರಿಗೆ, ಬೋಡೆಟ್ ಅವರಿಂದ ಬ್ರಾಂಕೈಟಿಸ್ ವೈರಸ್ ಎಂದು ಬಂದಿದ್ದ ಮಾದರಿಯೊಳಗೆ ತೀರ ಸೌಮ್ಯವಾದ ನ್ಯೂಕ್ಯಾಸಲ್ ವೈರಸ್ ಸಿಕ್ಕಿತು. ಅವರು ಜಾನ್ಸನ್ ಅವರೊಡನೆ 1948ರಲ್ಲಿ ಅದನ್ನು ಪ್ರಕಟಿಸಿದರು. ಅದು ಬಿ1 ತಳಿ. ಇಂಗ್ಲೆಂಡಿನಲ್ಲಿ ಆಸ್‌ಪ್ಲಿನ್ 1952ರಲ್ಲಿ ವರ್ಣಿಸಿದ ಎಫ್ ತಳಿಯೂ ಅದೇ ಜಾತಿಯದು. ಇವು ಒಂದು ದಿನದ ಮರಿಗೂ ಕೇಡು ಮಾಡದಷ್ಟು ಮೃದು. ಸೂಜಿಯೂ ಬೇಡ. ಕಣ್ಣಿಗೋ ಮೂಗಿಗೋ ಒಂದು ಹನಿ ಬಿಟ್ಟರೆ ಅಲ್ಲಿನ ಪೊರೆಯಲ್ಲೇ ಬೆಳೆದು ಮೈಯನ್ನು ಎಚ್ಚರಿಸುತ್ತವೆ.

ಲಸಿಕೆಯ ಬಲವನ್ನು ಅಳೆಯುವ ಸರಳ ದಾರಿಯೂ ಈ ನಡುವೆ ಸಿಕ್ಕಿತ್ತು. ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್, ಮುಂದೆ ನೊಬೆಲ್ ಪಡೆದವರು, 1942ರಲ್ಲಿ ಈ ವೈರಸ್ ಇನ್‌ಫ್ಲುಯೆಂಜಾ ವೈರಸ್ಸಿನಂತೆಯೇ ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ ಎಂದು ತೋರಿಸಿದರು. ದುಬಾರಿ ಉಪಕರಣವಿಲ್ಲದ ಪ್ರಯೋಗಾಲಯಕ್ಕೆ ಅದು ವರವಾಯಿತು. ಕೋಳಿಯ ರಕ್ತಕಣದ ನೀರನ್ನು ಸಾಲು ಕುಳಿಗಳಲ್ಲಿ ಹಾಕಿ, ವೈರಸ್ ಬೆರೆಸಿ, ತಳದಲ್ಲಿ ಕೆಂಪು ಗುಂಡಿಯಾಗಿ ಕೂತಿತೆ, ಜಾಲವಾಗಿ ಹರಡಿತೆ ಎಂದು ಬರಿಗಣ್ಣಿನಲ್ಲಿ ನೋಡಿದರೆ ಸಾಕು. ಲಸಿಕೆಯ ಬಲವೂ ಕೋಳಿಯ ರಕ್ತದಲ್ಲಿರುವ ರಕ್ಷಣೆಯ ಮಟ್ಟವೂ ತಿಳಿಯುತ್ತದೆ. ಈ ವೈರಸ್ ಮನುಷ್ಯನ ಕಣ್ಣಿಗೆ ತಾಗಿದರೆ ಕೆಲವು ದಿನದ ಕಣ್ಣುಬೇನೆ ಬರಬಹುದೆಂದು 1943ರಲ್ಲಿ ವರದಿ ಮಾಡಿದವರೂ ಅವರೇ. ಅದರಾಚೆ ಮನುಷ್ಯನಿಗೆ ಇದರಿಂದ ದೊಡ್ಡ ಕೇಡಿಲ್ಲ.

ಅಮೆರಿಕದ ಹ್ಯಾನ್ಸನ್ ಮತ್ತು ಬ್ರ್ಯಾಂಡ್ಲಿ 1955ರಲ್ಲಿ ಈ ತಳಿಗಳನ್ನೆಲ್ಲ ಘೋರ, ಮಧ್ಯಮ, ಮಂದ ಎಂದು ಮೂರು ದರ್ಜೆಗೆ ವಿಂಗಡಿಸಿದರು. ಒಂದೇ ವೈರಸ್ಸಿನ ಬಂಧುಗಳಲ್ಲಿ ಒಬ್ಬ ಕೊಲೆಗಾರ, ಇನ್ನೊಬ್ಬ ಸಾಧು ಆದದ್ದೇಕೆ? ಅದು ಬಯಲಾಗಲು 1976 ಬರಬೇಕಾಯಿತು; ಜರ್ಮನಿಯ ಗೀಸನ್ನಿನಲ್ಲಿ ನಾಗಾಯ್, ಕ್ಲೆಂಕ್, ರಾಟ್ ಅದನ್ನು ಬಿಡಿಸಿದರು. ವೈರಸ್ ಕೋಶದೊಳಗೆ ನುಗ್ಗಲು ತನ್ನ ಮೈಮೇಲಿನ ಒಂದು ಪ್ರೋಟೀನನ್ನು ಆತಿಥೇಯ ಜೀವಿಯ ಕಿಣ್ವದಿಂದ ಕತ್ತರಿಸಿಕೊಳ್ಳಬೇಕು. ಮಂದ ತಳಿಯ ಪ್ರೋಟೀನನ್ನು ಕತ್ತರಿಸಬಲ್ಲ ಕಿಣ್ವ ಉಸಿರ್ನಾಳ ಮತ್ತು ಕರುಳಿನಂಥ ಕೆಲವೇ ಕಡೆ ಇರುತ್ತದೆ. ಹಾಗಾಗಿ ಅದು ಅಲ್ಲಲ್ಲೇ ಉಳಿಯುತ್ತದೆ. ಘೋರ ತಳಿಯ ಪ್ರೋಟೀನನ್ನು ದೇಹದ ಯಾವ ಅಂಗದ ಕಿಣ್ವವೂ ಕತ್ತರಿಸಬಲ್ಲದು. ಅದು ಮಿದುಳನ್ನೂ ಬಿಡುವುದಿಲ್ಲ. ಮೊಟ್ಟೆಗಳ ನಡುವೆ ಕುಳಿತು ಕಣ್ಣಂದಾಜಿನಲ್ಲಿ ಸಾಧು ತಳಿಯನ್ನು ಆರಿಸಿದವರು ಇದನ್ನು ಅರಿಯದೆಯೇ ಸರಿಯಾದುದನ್ನು ಆರಿಸಿದ್ದರು. ಅವರ ಕೆಲಸದ ಮೇಲೆ ನನ್ನ ಗೌರವ ಇಮ್ಮಡಿಯಾಗುವುದು ಇಲ್ಲಿ.

ಸ್ವಾತಂತ್ರ್ಯ ಬಂದ ಮೇಲೆ ಭಾರತದ ಕ್ರಮ ಎರಡು ಮೆಟ್ಟಿಲಿನದಾಯಿತು: ಮೊದಲ ವಾರದ ಮರಿಗೆ ಎಫ್ ತಳಿಯ ಹನಿ, ಆರೆಂಟು ವಾರ ತುಂಬಿದ ಮೇಲೆ ಮುಕ್ತೇಶ್ವರ ತಳಿಯ ಚುಚ್ಚುಮದ್ದು. ಈ ಶೀಸೆಗಳು ರಾಜ್ಯ ರಾಜ್ಯಗಳ ಲಸಿಕಾ ಸಂಸ್ಥೆಗಳಲ್ಲಿ ತಯಾರಾದವು. ದಕ್ಷಿಣದಲ್ಲಿ 1932ರಲ್ಲಿ ಸ್ಥಾಪನೆಯಾದ ರಾಣಿಪೇಟೆಯ ಸಂಸ್ಥೆ ಅಂಥದೊಂದು. ಬೆಂಗಳೂರಿನ ಹೆಬ್ಬಾಳದ ಸಂಸ್ಥೆ ಅದಕ್ಕಿಂತ ಹಿರಿಯದು. 1925ರಲ್ಲಿ ಮೈಸೂರು ಸೀರಮ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ, ದೊಡ್ಡರೋಗದ ಸೀರಮ್ ತಯಾರಿಸಲು ಮೈಸೂರು ಸಂಸ್ಥಾನ ಕಟ್ಟಿದ ಆ ಸಂಸ್ಥೆ ಕಾಲಕ್ರಮದಲ್ಲಿ ಕೋಳಿಯ ಲಸಿಕೆಗಳಿಗೂ ಕೈಯಿಟ್ಟಿತು. ಇಂದು ಅದು ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ. ದೊಡ್ಡ ಶೆಡ್ಡುಗಳಲ್ಲಿ ಸಾವಿರಗಟ್ಟಲೆ ಕೋಳಿಗಳನ್ನು ಒಟ್ಟಿಗೆ ಸಾಕುವ ಉದ್ಯಮ ಈ ದೇಶದಲ್ಲಿ ಬೆಳೆಯಲು ತಳಿ, ಆಹಾರ, ಬಂಡವಾಳ ಎಲ್ಲವೂ ಬೇಕಾಗಿತ್ತು ನಿಜ. ಆದರೆ ಕೊಕ್ಕರೆ ರೋಗದ ಲಸಿಕೆ ಇರದಿದ್ದರೆ ಅವು ಯಾವುವೂ ಒಂದು ಬೇಸಿಗೆಯನ್ನು ದಾಟುತ್ತಿರಲಿಲ್ಲ.

ಲಸಿಕೆ ಇದ್ದೂ ನಿಶ್ಚಿಂತೆ ಇರಲಿಲ್ಲ. 1971ರಲ್ಲಿ, ಸಾಕಲು ತರಿಸಿದ ವಿದೇಶಿ ಗಿಳಿಗಳ ಜೊತೆ ಘೋರ ತಳಿ ಕ್ಯಾಲಿಫೋರ್ನಿಯಾವನ್ನು ಹೊಕ್ಕಿತು. ಅದನ್ನು ಅಳಿಸಲು ಮೂರು ವರ್ಷದಲ್ಲಿ ಸುಮಾರು 1 ಕೋಟಿ 20 ಲಕ್ಷ ಹಕ್ಕಿಗಳನ್ನು ಕೊಲ್ಲಬೇಕಾಯಿತು. ಅದೇ ಕಾಲಕ್ಕೆ ಮಾರೆಕ್ ರೋಗಕ್ಕೂ ಲಸಿಕೆ ಸಿಕ್ಕಿತು. ಹಂಗೇರಿಯ ಯೋಝೆಫ್ ಮಾರೆಕ್ 1907ರಲ್ಲಿ ವರ್ಣಿಸಿದ, ಕೋಳಿಗೆ ಲಕ್ವವನ್ನೂ ಗಡ್ಡೆಗಳನ್ನೂ ತರುವ ಆ ರೋಗ ಹರ್ಪಿಸ್ ಕುಲದ ವೈರಸ್ಸಿನದೆಂದು 1967ರಲ್ಲಿ ಇಂಗ್ಲೆಂಡಿನ ಚರ್ಚಿಲ್ ಮತ್ತು ಬಿಗ್ಸ್ ತೋರಿಸಿದ್ದರು. ಮೂರೇ ವರ್ಷದಲ್ಲಿ ಅಮೆರಿಕದ ಈಸ್ಟ್ ಲ್ಯಾನ್ಸಿಂಗಿನ ವಿಜ್ಞಾನಿಗಳು ಟರ್ಕಿಕೋಳಿಯ ನಿರುಪದ್ರವಿ ಹರ್ಪಿಸ್ ವೈರಸ್ಸನ್ನೇ ಅದಕ್ಕೆ ಕಾವಲಾಗಿ ನಿಲ್ಲಿಸಿದರು. ಕ್ಯಾನ್ಸರನ್ನು ತಡೆದ ಮೊದಲ ತಲೆಮಾರಿನ ಲಸಿಕೆಗಳಲ್ಲಿ ಅದೂ ಒಂದು.

ಶೆಡ್ಡಿನ ಕೋಳಿಗೆ ಹೀಗೆ ಲಸಿಕೆ ದಕ್ಕಿತು. ಹಿತ್ತಲ ಕೋಳಿಗೆ ದಕ್ಕಲಿಲ್ಲ. ಜೀವಂತ ವೈರಸ್ಸಿನ ಶೀಸೆಗೆ ತಯಾರಿಕೆಯಿಂದ ಕೋಳಿಯ ಕಣ್ಣಿನ ತನಕ ತಂಪು ಬೇಕು. ವಿದ್ಯುತ್ತೂ ರೆಫ್ರಿಜರೇಟರೂ ಇಲ್ಲದ ಹಳ್ಳಿಗೆ ಐಸಿನ ಥರ್ಮಾಸ್ ಹೊತ್ತು ನಡೆದರೆ ದಾರಿಯಲ್ಲೇ ಲಸಿಕೆ ಸಾಯುತ್ತದೆ. ನೂರಾರು ಕೋಳಿಗಾಗುವ ಶೀಸೆಯನ್ನು ಒಡೆದರೆ ಎಂಟು ಕೋಳಿ ಇರುವ ಮನೆಯಲ್ಲಿ ಉಳಿದದ್ದು ವ್ಯರ್ಥ. ಹಗಲು ಮೇಯಲು ಹೋದ ನಾಟಿ ಕೋಳಿಯನ್ನು ಹಿಡಿಯುವುದೂ ಸುಲಭವಲ್ಲ. ಇಷ್ಟು ದೊಡ್ಡ ವಿದ್ಯೆ ಹುಟ್ಟಿದ್ದೇ ಬಡವರ ಕೋಳಿಯ ಸಾವಿನಿಂದ. ಅದು ಅವರ ಅಂಗಳ ಮುಟ್ಟದೆ ದಶಕಗಳು ಉರುಳಿದ್ದು ಈ ಕಥನದಲ್ಲಿ ನನ್ನನ್ನು ಅತಿಯಾಗಿ ನೋಯಿಸುವ ಸಂಗತಿ.

ಹಿತ್ತಲ ಕೋಳಿಯ ಈ ಸಮಸ್ಯೆಗೆ ಉತ್ತರದ ಒಂದು ಪಾಲು ಆಸ್ಟ್ರೇಲಿಯದಿಂದ ಬಂತು. 1930 ಮತ್ತು 1932ರಲ್ಲಿ ವಿಕ್ಟೋರಿಯಾ ಪ್ರಾಂತ್ಯಕ್ಕೆ ನುಗ್ಗಿದ ರೋಗವನ್ನು ಕೋಳಿಗಳನ್ನು ಕೊಂದು ಅಳಿಸಿದ್ದ ಆ ದೇಶದಲ್ಲಿ ವೈರಸ್ಸೇ ಇಲ್ಲವೆಂದು ನಂಬಿದ್ದರು. 1966ರಲ್ಲಿ ಸಿಮನ್ಸ್ ಕ್ವೀನ್ಸ್‌ಲೆಂಡಿನ ಕೋಳಿಯೊಂದರಿಂದ ಯಾವ ಕೇಡನ್ನೂ ಮಾಡದ ನ್ಯೂಕ್ಯಾಸಲ್ ವೈರಸ್ಸನ್ನು ಹೊರತೆಗೆದರು. ಅದಕ್ಕೆ ವಿ4 ಎಂದು ಹೆಸರು. ಬ್ರಿಸ್ಬೇನಿನ ಪೀಟರ್ ಸ್ಪ್ರ್ಯಾಡ್‌ಬ್ರೋ ಮತ್ತು ಮಲೇಷ್ಯಾದ ಲತೀಫ್ ಇಬ್ರಾಹಿಂ ಅವರ ತಂಡಗಳು 1980ರ ದಶಕದಲ್ಲಿ ಆ ತಳಿಯನ್ನು ಬಿಸಿಗೆ ಒಡ್ಡಿ, ಬಿಸಿಯಲ್ಲೂ ಸಾಯದ ಕಣಗಳನ್ನು ಮಾತ್ರ ಆರಿಸಿ ಬೆಳೆಸಿದವು. ಹಾಗೆ ಸಿಕ್ಕ ಲಸಿಕೆ ಕೋಣೆಯ ಬಿಸುಪಿನಲ್ಲೂ ವಾರಗಳ ಕಾಲ ತಾಳಿತು. ಧಾನ್ಯಕ್ಕೆ ಸವರಿ ತಿನ್ನಿಸಿದರೂ ಅಷ್ಟಿಷ್ಟು ರಕ್ಷಣೆ ಕೊಟ್ಟಿತು. ಅದರ ಬೆನ್ನಿಗೆ ಕ್ವೀನ್ಸ್‌ಲೆಂಡಿನಲ್ಲೇ ಸಿದ್ಧವಾದ ಐ-2 ಎಂಬ ಇನ್ನೊಂದು ತಳಿಯ ಬೀಜವನ್ನು, ತಾವೇ ಲಸಿಕೆ ತಯಾರಿಸಿಕೊಳ್ಳಬಯಸಿದ ಬಡ ದೇಶಗಳ ಪ್ರಯೋಗಾಲಯಗಳಿಗೆ ಬೆಲೆ ಕೇಳದೆ ಕೊಟ್ಟರು. ವಿಯೆಟ್ನಾಂ, ತಾಂಜಾನಿಯಾ, ಮೊಜಾಂಬಿಕ್ ದೇಶಗಳಲ್ಲಿ ಅದರಿಂದ ಲಸಿಕೆ ತಯಾರಾಯಿತು. ಹಳ್ಳಿಯವರೇ, ಬಹಳ ಕಡೆ ಹೆಂಗಸರೇ, ತರಬೇತಿ ಪಡೆದು, ನಾಲ್ಕು ತಿಂಗಳಿಗೊಮ್ಮೆ ಬೆಳಗಿನ ಜಾವ ಕೋಳಿ ಗೂಡಿನಿಂದ ಹೊರಬೀಳುವ ಮೊದಲು ಮನೆಮನೆಗೆ ಹೋಗಿ, ಒಂದೊಂದರ ಕಣ್ಣಿಗೂ ಒಂದು ಹನಿ ಬಿಟ್ಟು, ಮನೆಯವರಿಂದ ಚಿಲ್ಲರೆ ಕಾಸು ಪಡೆದು ಮುಂದಿನ ಮನೆಗೆ ನಡೆದರು.